ಕೃಷ್ಣೆಯ ಎರಡು ದಡದ ಪ್ರೌಢಶಾಲೆ

ಪ್ರೌಢಶಾಲೆಯೊಂದರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅಸ್ತಿಭಾರದ ಕಲ್ಲಿನಿಂದ ಆರಂಭಿಸುತ್ತಾರೆ. ಭೂಮಿಯನ್ನು ಯಾರು ಕೊಟ್ಟರು, ಕೋಣೆಗಳು ಎಷ್ಟಾದವು, ಪ್ರಾರಂಭೋತ್ಸವ ಯಾರ ಹಸ್ತದಿಂದ ನೆರವೇರಿತು ಎಂಬುದೇ ಆ ಚರಿತ್ರೆಯ ಬಹುಭಾಗ. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಕನ್ನಡ ಮಕ್ಕಳ ಶಿಕ್ಷಣದ ಕಥೆಯನ್ನು ಹಾಗೆ ಆರಂಭಿಸಿದರೆ ಮುಖ್ಯವಾದುದೇ ಬಿಟ್ಟುಹೋಗುತ್ತದೆ. ಆ ಕೋಣೆಗಳೊಳಗೆ ಮಾಸ್ತರರು ಯಾವ ಭಾಷೆಯಲ್ಲಿ ಪಾಠ ಹೇಳಿದರು ಎಂಬುದನ್ನು ಇಲ್ಲಿ ಮೊದಲು ಕೇಳಬೇಕು.

ನೆಲದ ಪರಿಚಯವಿಲ್ಲದ ವಾಚಕರಿಗಾಗಿ ಒಂದೆರಡು ಮಾತು. ಮಕ್ತಲ್ ಮತ್ತು ನಾರಾಯಣಪೇಟೆಗಳು ಕೃಷ್ಣೆಯ ಉತ್ತರಕ್ಕಿವೆ. ಗದ್ವಾಲವು ಕೃಷ್ಣಾ ತುಂಗಭದ್ರೆಗಳ ನಡುವೆ, ರಾಯಚೂರಿನ ಮಗ್ಗುಲಲ್ಲಿದೆ. ಈ ಎರಡು ಹೊಳೆಗಳ ನಡುವಣ ನಾಡನ್ನೇ ನಮ್ಮ ಶಾಸನಗಳು ಎಡೆದೊರೆ ಎಂದು ಕರೆದವು. ಗದ್ವಾಲದ ನೆರೆಯ ಆಲಂಪುರದಲ್ಲಿ ಬಾದಾಮಿ ಚಾಲುಕ್ಯರ ನವಬ್ರಹ್ಮ ದೇವಾಲಯಗಳಿವೆ, ಕನ್ನಡ ಶಾಸನಗಳೂ ಇವೆ. ನಾರಾಯಣಪೇಟೆಯ ಸೀರೆಯ ವ್ಯಾಪಾರಿಗಳ ನಡುವೆ ತೆಲುಗು, ಕನ್ನಡ, ಮರಾಠಿ, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಮುಂಬಯಿ ಮದರಾಸುಗಳ ರೈಲುಹಾದಿ ೧೮೭೧ರಲ್ಲಿ ರಾಯಚೂರಿನಲ್ಲಿ ಕೂಡಿದ ಮೇಲೆ ನಾರಾಯಣಪೇಟೆಯ ಹೆಸರಿನಲ್ಲೂ ಒಂದು ಸ್ಟೇಷನ್ ಆಯಿತು. ಆದರೆ ಅದು ಇದ್ದುದು ಸೈದಾಪುರದಲ್ಲಿ, ಎಂದರೆ ಇಂದಿನ ಯಾದಗಿರಿ ಜಿಲ್ಲೆಯಲ್ಲಿ. ಊರು ಒಂದು ರಾಜ್ಯದಲ್ಲಿ, ಅದರ ಹೆಸರಿನ ಸ್ಟೇಷನ್ ಇನ್ನೊಂದರಲ್ಲಿ!

ನಿಜಾಮರ ಆಳ್ವಿಕೆಯಲ್ಲಿ ಶಾಲೆಗಳು ಮೂರು ಮೆಟ್ಟಲುಗಳಾಗಿದ್ದವು. ಪ್ರಾಥಮಿಕ ಶಾಲೆಗೆ ತಹತಾನಿಯಾ, ಮಾಧ್ಯಮಿಕಕ್ಕೆ ವಸ್ತಾನಿಯಾ, ಪ್ರೌಢಶಾಲೆಗೆ ಫೌಖಾನಿಯಾ ಎಂದು ಹೆಸರು. ಕೆಳಗಿನದು, ನಡುವಿನದು, ಮೇಲಿನದು ಎಂಬಷ್ಟೇ ಈ ಪದಗಳ ಅರ್ಥ. ಹೆಸರುಗಳಲ್ಲಿ ದೋಷವಿಲ್ಲ, ತೊಡಕಿದ್ದುದು ಮೆಟ್ಟಲು ಹತ್ತುವ ಕ್ರಮದಲ್ಲಿ. ಕೆಳಗಿನ ತರಗತಿಗಳಲ್ಲಿ ಕನ್ನಡಕ್ಕೋ ತೆಲುಗಿಗೋ ಮರಾಠಿಗೋ ಎಡೆಯಿತ್ತು. ಮೇಲಕ್ಕೆ ಹೋದಂತೆ ಉರ್ದುವೇ ಬೋಧನಮಾಧ್ಯಮವಾಗುತ್ತಿತ್ತು. ೧೯೧೭ರ ಫರ್ಮಾನಿನಿಂದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಹುಟ್ಟಿ, ಉನ್ನತ ಶಿಕ್ಷಣವು ಉರ್ದುವಿನಲ್ಲಿ ನಡೆಯತೊಡಗಿದ ಮೇಲೆ ಪ್ರೌಢಶಾಲೆಗಳು ಅದಕ್ಕೇ ಹೊಂದಿಕೊಂಡವು. ವಿಜ್ಞಾನ ಶಾಸ್ತ್ರಗಳನ್ನು ಭಾರತೀಯ ಭಾಷೆಯೊಂದರಲ್ಲಿ ಕಲಿಸಹೊರಟ ಆ ಸಾಹಸವನ್ನು ನಾವು ಮೆಚ್ಚಲೇಬೇಕು. ಸ್ವಭಾಷೆಯಲ್ಲಿ ಕಲಿತರೆ ಬುದ್ಧಿ ಬೆಳೆಯುವುದೆಂಬುದೇ ಅದರ ಹಿಂದಿನ ವಾದ. ಆದರೆ ಆ ವಾದವನ್ನು ಮಕ್ತಲಿನ ರೈತನ ಮಗನವರೆಗೆ ಯಾರೂ ಒಯ್ಯಲಿಲ್ಲ. ಅವನಿಗೆ ಉರ್ದು, ಇಂಗ್ಲಿಷುಗಳೆರಡೂ ಹೊಸ ಭಾಷೆಗಳೇ ಆಗಿದ್ದವು. ಇದರ ಜೊತೆಗೆ ಖಾನಗಿ ಶಾಲೆ ತೆರೆಯಲು ಸರಕಾರದ ಮುನ್ನನುಮತಿ ಬೇಕೆಂಬ ಕಟ್ಟಳೆ ೧೯೨೦ರ ದಶಕದಲ್ಲಿ ಬಿಗಿಯಾಯಿತು. ೧೯೫೧ರ ಜನಗಣತಿಯಲ್ಲಿ ಹೈದರಾಬಾದು ರಾಜ್ಯದ ನೂರು ಮಂದಿಯಲ್ಲಿ ಓದುಬರಹ ಬಲ್ಲವರು ಹತ್ತರೊಳಗೇ ಇದ್ದರೆಂಬುದು ಇದೆಲ್ಲದರ ಲೆಕ್ಕ. ಗದ್ವಾಲ ಸಂಸ್ಥಾನವು ಪಂಡಿತರನ್ನು ಪೋಷಿಸಿ ವಿದ್ವದ್ಗದ್ವಾಲವೆಂಬ ಹೆಸರು ಪಡೆದಿತ್ತು, ನಿಜ. ಪಂಡಿತಸಭೆಯಲ್ಲಿ ನೇಕಾರನ ಮಗನಿಗೆ ಬೆಂಚು ಇರುವುದಿಲ್ಲ.

ಈ ಕತ್ತಲೆಯಲ್ಲಿ ಎರಡು ಕಡೆ ದೀಪ ಹತ್ತಿತು. ಕಲಬುರ್ಗಿಯಲ್ಲಿ ೧೯೦೭ರಲ್ಲಿಯೇ ನೂತನ ವಿದ್ಯಾಲಯವು ಸ್ಥಾಪಿತವಾಯಿತು. ನಮ್ಮ ಈ ಮೂರು ಊರುಗಳಿಗೆ ಹತ್ತಿರವಾದುದು ರಾಯಚೂರಿನ ಹಮದರ್ದ್ ಶಾಲೆ. ಅದನ್ನು ೧೯೨೦ರ ದಶಕದ ಆರಂಭದಲ್ಲಿ ಕಟ್ಟಿದವರು ಪಂಡಿತ ತಾರಾನಾಥರು. ೧೮೯೧ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಈ ವೈದ್ಯರು ಪಶ್ಚಿಮ ಕರಾವಳಿಯನ್ನು ಬಿಟ್ಟು ಬಿಸಿಲ ನಾಡಿಗೆ ಬಂದು ಶಾಲೆ ಕಟ್ಟಿದರೆಂಬುದೇ ಒಂದು ವಿಶೇಷ. ಹಮದರ್ದ್ ಎಂದರೆ ನೋವಿನಲ್ಲಿ ಜೊತೆಯಾದವನು. ರಾಷ್ಟ್ರೀಯ ಶಿಕ್ಷಣದ ಧ್ಯೇಯವುಳ್ಳ ಶಾಲೆಗೆ ಅವರು ಉರ್ದು ಹೆಸರನ್ನು ಇಟ್ಟುದರಲ್ಲಿ ನಮಗೆ ಕಾಣುವುದು ಕೇವಲ ಜಾಣತನವಲ್ಲ. ಭಾಷೆಯ ಮೇಲೆ ಅವರಿಗೆ ಮುನಿಸಿರಲಿಲ್ಲ, ಹಿಂದೂ ಮುಸಲ್ಮಾನ ಮಕ್ಕಳು ಒಂದೇ ಚಾಪೆಯ ಮೇಲೆ ಕೂರಬೇಕೆಂಬುದೇ ಅವರ ಆಸೆಯಾಗಿತ್ತು. ಆದರೂ ನಿಜಾಮ ಸರಕಾರದ ಸಂದೇಹದ ಕಣ್ಣು ಅವರ ಮೇಲೆ ಬಿತ್ತು. ಪಂಡಿತರು ರಾಯಚೂರನ್ನು ಬಿಟ್ಟು, ಆಗಿನ ಮದರಾಸು ಆಧಿಪತ್ಯಕ್ಕೆ ಸೇರಿದ್ದ ತುಂಗಭದ್ರಾ ಗ್ರಾಮದಲ್ಲಿ ಪ್ರೇಮಾಯತನವನ್ನು ಕಟ್ಟಿಕೊಂಡರು. ಅವರು ತೀರಿಕೊಂಡುದು ೧೯೪೨ರಲ್ಲಿ. ಶಾಲೆ ಮಾತ್ರ ರಾಯಚೂರಿನಲ್ಲಿಯೇ ನಿಂತು ಬೆಳೆಯಿತು. ಅವರ ಹೆಸರಿನ ಶಿಕ್ಷಣ ಸಂಸ್ಥೆಯು ಇಂದಿಗೂ ಅಲ್ಲಿದೆ.

೧೯೩೪ರಲ್ಲಿ ಸಾಹಿತ್ಯ ಸಮ್ಮೇಳನವು ರಾಯಚೂರಿನಲ್ಲಿ ಸೇರಿದಾಗ ಅಧ್ಯಕ್ಷರಾಗಿ ಬಂದವರು ಪಂಜೆ ಮಂಗೇಶರಾಯರು. ಮಾಸ್ತರಿಕೆ, ಶಾಲಾ ಇನ್ಸ್‌ಪೆಕ್ಟರಿಕೆಗಳಲ್ಲಿ ಜೀವ ಸವೆಸಿದವರು, ಮಕ್ಕಳ ಪಾಠಪುಸ್ತಕದ ಮರ್ಮ ಬಲ್ಲವರು. ಮೇಲಿನ ಮೆಟ್ಟಲಿಗೆ ಕನ್ನಡ ಪುಸ್ತಕವೇ ಇಲ್ಲದ ನಾಡಿಗೆ ಇವರಿಗಿಂತ ತಕ್ಕ ಅತಿಥಿ ದೊರೆಯುತ್ತಿರಲಿಲ್ಲ.

೧೯೪೮ರ ತರುವಾಯ ಪ್ರಾಂತಭಾಷೆಗಳಿಗೆ ಪ್ರೌಢಶಾಲೆಯ ಬಾಗಿಲು ತೆರೆಯಿತು. ಕನ್ನಡ ಒಳಗೆ ಕಾಲಿಟ್ಟು ಎಂಟು ವರ್ಷ ಕಳೆಯುವಷ್ಟರಲ್ಲಿ ಗಡಿಗೆರೆ ಬಂದಿತು. ೧೯೫೬ರ ನವೆಂಬರ್ ೧ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು, ಅದೇ ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸಂದವು. ಮೊದಲಿನಿಂದಲೂ ಮಹಬೂಬನಗರ ಜಿಲ್ಲೆಯಲ್ಲಿದ್ದ ಮಕ್ತಲ್, ನಾರಾಯಣಪೇಟೆಗಳು ಅಲ್ಲಿಯೇ ಉಳಿದವು. ಗದ್ವಾಲದಲ್ಲಿ ಬಹುಜನರ ಮಾತು ತೆಲುಗು, ಆದುದರಿಂದ ಗೆರೆ ಎಳೆದವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಗೆರೆಯಾಚೆ ಉಳಿದ ಕನ್ನಡದ ಮನೆಗಳಿಗಾಗಿ ಅದೇ ವರ್ಷ ಸಂವಿಧಾನದಲ್ಲಿ ೩೫೦-ಎ ಅನುಚ್ಛೇದವೂ ಸೇರಿತು. ಆದರೆ ಅದು ಮಾತೃಭಾಷೆಯ ಸೌಕರ್ಯವನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಹಳೆಯ ಮಾತಿನಲ್ಲಿ ಹೇಳುವುದಾದರೆ ತಹತಾನಿಯಾಕ್ಕೆ ರಕ್ಷಣೆಯುಂಟು, ಫೌಖಾನಿಯಾಕ್ಕೆ ಇಲ್ಲ!

ಹೀಗಿದ್ದರೂ ಕೃಷ್ಣಾ ಸ್ಟೇಷನ್ನಿನ ಸುತ್ತಣ ಊರುಗಳಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳು ಉಳಿದುಬಂದಿವೆ. ೨೦೧೬ರಲ್ಲಿ ಗದ್ವಾಲ, ೨೦೧೯ರಲ್ಲಿ ನಾರಾಯಣಪೇಟೆ ಬೇರೆ ಬೇರೆ ಜಿಲ್ಲೆಗಳಾದುವು. ೨೦೧೮ರ ಕಾನೂನಿನಂತೆ ತೆಲಂಗಾಣದ ಎಲ್ಲ ಶಾಲೆಗಳಲ್ಲಿ ತೆಲುಗು ಕಲಿಸುವುದು ಕಡ್ಡಾಯ. ನಾಡಿನ ಭಾಷೆ ಕಲಿಯುವುದು ಮಕ್ಕಳಿಗೆ ಹಿತವೇ. ೨೦೨೨ರಲ್ಲಿ ಅಲ್ಲಿನ ಸರಕಾರ ೨೬,೦೬೫ ಶಾಲೆಗಳ ಸುಧಾರಣೆಗೆ ದೊಡ್ಡ ಯೋಜನೆಯೊಂದನ್ನು ಹಾಕಿಕೊಂಡು, ಶಾಲೆಗಿರಬೇಕಾದ ಹನ್ನೆರಡು ಬಗೆಯ ಸೌಕರ್ಯಗಳನ್ನು ಹೆಸರಿಸಿತು. ನೀರಿರುವ ಶೌಚಾಲಯ, ವಿದ್ಯುತ್ತು, ಕುಡಿಯುವ ನೀರು, ಬೆಂಚು ಕುರ್ಚಿ, ಸುಣ್ಣಬಣ್ಣ, ದುರಸ್ತಿ, ಹಸಿರು ಹಲಗೆ, ಆವರಣ ಗೋಡೆ, ಅಡುಗೆಯ ಮನೆ, ಹೊಸ ಕೋಣೆ, ಪ್ರೌಢಶಾಲೆಗೆ ಊಟದ ಹಜಾರ, ಗಣಕಯಂತ್ರದ ಪಾಠ. ಊರ ಹೊರವಳಯದಲ್ಲಿ, ಬಯಲಿಗೆ ಮೈಯೊಡ್ಡಿ ನಿಂತ ಶಾಲೆಗೆ ಇವೆಲ್ಲ ಬೇಕಾದವೇ. ಗೋಡೆಯಿಲ್ಲದ ಅಂಗಳಕ್ಕೆ ದನ ನುಗ್ಗುವುದನ್ನು ಕಂಡವರು ಆವರಣ ಗೋಡೆಯನ್ನು ಹಗುರಾಗಿ ಕಾಣಲಾರರು. ಆದರೆ ಕಟ್ಟಡದ ಪಟ್ಟಿಯಲ್ಲಿ ಮಾಸ್ತರರೂ ಪುಸ್ತಕವೂ ಇರುವುದಿಲ್ಲವಷ್ಟೆ. ಅದೇ ವರ್ಷ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವೂ ಬಂದಿತು. ಗಡಿಯ ಪ್ರೌಢಶಾಲೆಗೆ ಕನ್ನಡದಲ್ಲಿ ಗಣಿತ ಹೇಳಬಲ್ಲ, ಜೊತೆಗೆ ತೆಲಂಗಾಣದ ನೇಮಕಾತಿಯ ನಿಯಮಕ್ಕೂ ಒಪ್ಪುವ ಮಾಸ್ತರರು ಬೇಕು. ಅಂಥವರನ್ನು ತಯಾರು ಮಾಡುವುದು ಹಜಾರ ಕಟ್ಟುವುದಕ್ಕಿಂತ ಕಷ್ಟದ ಕೆಲಸ.

ಕೊನೆಗೆ ಸಂಘದ ಸದಸ್ಯರಲ್ಲಿ ಒಂದು ವಿನಂತಿ. ಈ ತಾಲ್ಲೂಕುಗಳ ಹಳೆಯ ಸರಕಾರಿ ಶಾಲೆಗಳ ದಾಖಲೆಗಳು ಉರ್ದುವಿನಲ್ಲಿವೆ, ತಾರೀಖುಗಳು ಫಸಲಿ ವರ್ಷದಲ್ಲಿವೆ. ಫಸಲಿಗೆ ೫೯೦ ಕೂಡಿಸಿದರೆ ಸುಮಾರಾಗಿ ಕ್ರಿಸ್ತಶಕ ದೊರೆಯುತ್ತದೆ. ಯಾವ ಮನೆಯ ಮಗು ಯಾವ ತರಗತಿಯವರೆಗೆ ಓದಿತು, ಎಲ್ಲಿ ನಿಂತಿತು ಎಂಬುದು ಅಂಥ ಪುಸ್ತಕಗಳಿಂದಲೇ ತಿಳಿಯಬೇಕು. ಉರ್ದು ಕನ್ನಡಗಳೆರಡನ್ನೂ ಸರಾಗವಾಗಿ ಓದಬಲ್ಲ ಹಿರಿಯರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಗೆದ್ದಲು ಅವರಿಗಾಗಿ ಕಾಯುವುದಿಲ್ಲ. ಸದಸ್ಯರು ತಮ್ಮ ತಮ್ಮ ಊರಿನ ಶಾಲೆಯ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಒಂದೊಂದು ಪುಸ್ತಕವನ್ನು ಪ್ರತಿಮಾಡಿ ಕಳುಹಿಸಿದರೆ, ಮುಂದಿನ ಸಂಚಿಕೆಗಳಲ್ಲಿ ಊರುವಾರು ಅಚ್ಚುಹಾಕಬಹುದು.