ಪಾಟೀಲ: ಹಲವು ಸಮುದಾಯಗಳ ಒಂದೇ ಅಡ್ಡಹೆಸರು

ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯ ನಮ್ಮ ಅನೇಕ ಕುಟುಂಬಗಳ ಅಡ್ಡಹೆಸರು ಪಾಟೀಲ ಅಥವಾ ಪಟೇಲ್. ಮಕ್ಕಳು ಓದಿಗೆಂದೋ ಕೆಲಸಕ್ಕೆಂದೋ ದೂರದ ಊರಿಗೆ ಹೋದಾಗ, ‘ಮುಸ್ಲಿಮರಲ್ಲೂ ಪಾಟೀಲರಿದ್ದಾರೆಯೇ?’ ಎಂದು ಅಚ್ಚರಿಯಿಂದ ಕೇಳುವವರಿದ್ದಾರೆ. ಇತ್ತ ನಮ್ಮವರಲ್ಲೇ ಕೆಲವರು, ‘ಇದು ಮುಸ್ಲಿಮರ ಹೆಸರಲ್ಲ, ಶಾಲೆಯ ದಾಖಲೆಯಿಂದ ತೆಗೆಸಿಬಿಡೋಣ’ ಎನ್ನುತ್ತಾರೆ. ಇಬ್ಬರಿಗೂ ಇತಿಹಾಸದಲ್ಲಿ ಉತ್ತರವಿದೆ.

ಪಾಟೀಲ ಎಂಬುದು ಮೂಲತಃ ಒಂದು ಹುದ್ದೆ. ಮಾಳವವನ್ನು ಆಳಿದ ಪರಮಾರ ಅರಸರ ತಾಮ್ರಶಾಸನಗಳಲ್ಲಿ ಊರಿನ ಮುಖ್ಯಸ್ಥನಿಗೆ ‘ಪಟ್ಟಕಿಲ’ ಎಂಬ ಸಂಸ್ಕೃತ ಪದ ಬಳಕೆಯಾಗಿದೆ. ಅದೇ ಮರಾಠಿಯಲ್ಲಿ ಪಾಟೀಲ, ಗುಜರಾತಿಯಲ್ಲಿ ಪಟೇಲ ಆಯಿತು. ನಮ್ಮ ನಾಡಿನಲ್ಲಿ ಗೌಡ ಮಾಡುತ್ತಿದ್ದ ಕೆಲಸವೂ ಹೆಚ್ಚುಕಡಿಮೆ ಇದೇ.

1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಯಿತು. ಅನಂತರ ಆದಿಲಶಾಹಿಗಳು ಬಂದರು, ಮರಾಠರು ಬಂದರು, ಬ್ರಿಟಿಷರೂ ಬಂದರು. ಸಿಂಹಾಸನಗಳು ಬದಲಾದರೂ ಊರಿನ ಪಾಟೀಲಿಕೆ ಉಳಿಯಿತು. ಕಂದಾಯ ವಸೂಲಿ ಮಾಡುವುದು, ಊರಿನ ಶಾಂತಿ ಕಾಯುವುದು, ಜಗಳ ಬಗೆಹರಿಸುವುದು ಪಾಟೀಲನ ಹೊಣೆ. ಲೆಕ್ಕ ಬರೆಯುವುದು ಕುಲಕರ್ಣಿಯ ಹೊಣೆ. ಈ ಹುದ್ದೆ ತಂದೆಯಿಂದ ಮಗನಿಗೆ ಬರುತ್ತಿತ್ತು. ಜೊತೆಗೆ ಭೂಮಿಯೂ ಇರುತ್ತಿತ್ತು. ಅದಕ್ಕೆ ‘ವತನ’ ಎನ್ನುತ್ತಿದ್ದರು. ತಾಯ್ನಾಡು ಎಂಬ ಅರ್ಥದ ಅರಬಿ ಪದ ಅದು.

ಯಾರ ಮನೆಯಲ್ಲಿ ವತನವಿತ್ತೋ ಅವರೇ ಪಾಟೀಲರು. ಆದ್ದರಿಂದ ಲಿಂಗಾಯತರಲ್ಲಿ, ಮರಾಠರಲ್ಲಿ, ಜೈನರಲ್ಲಿ, ಮುಸ್ಲಿಮರಲ್ಲಿ ಪಾಟೀಲರಿದ್ದಾರೆ. ಗುಜರಾತಿನಲ್ಲಿ ಪಾಟೀದಾರರ ಜೊತೆಗೆ ಭರೂಚಿನ ಮುಸ್ಲಿಮರೂ ಪಾರ್ಸಿಗಳೂ ಪಟೇಲರೇ.

ನಿಜಾಮರ ಆಡಳಿತದಲ್ಲಿದ್ದ ಕಲಬುರಗಿ, ಬೀದರ್ ಭಾಗದ ‘ಮಾಲಿಪಾಟೀಲ’, ‘ಪೊಲೀಸ್ ಪಾಟೀಲ’ ಎಂಬ ಅಡ್ಡಹೆಸರುಗಳನ್ನು ನೋಡಿ. ಅಲ್ಲಿ ಕಂದಾಯಕ್ಕೊಬ್ಬ, ಕಾವಲಿಗೊಬ್ಬ ಪಾಟೀಲನಿದ್ದ. ‘ಮಾಲ್’ ಎಂದರೆ ಅರಬಿಯಲ್ಲಿ ಸಂಪತ್ತು. ಆಡಳಿತದ ಭಾಷೆಯಲ್ಲಿ ಕಂದಾಯ. ಹೀಗೆ ಲಿಂಗಾಯತ ಮಾಲಿಪಾಟೀಲರ ಹೆಸರಿನಲ್ಲಿ ಅರಬಿ ಪದವಿದೆ, ಮುಸ್ಲಿಂ ಪಾಟೀಲರ ಹೆಸರಿನಲ್ಲಿ ಸಂಸ್ಕೃತ ಮೂಲದ ಪದವಿದೆ. ನೂರಾರು ವರ್ಷ ಒಂದೇ ಊರಿನಲ್ಲಿ ಬಾಳಿದವರ ಗುರುತು ಇದು.

ಮುಂಬೈ ಪ್ರಾಂತದಲ್ಲಿ 1874ರ ಕಾಯಿದೆ ವತನಗಳಿಗೆ ನಿಯಮಗಳನ್ನು ಮಾಡಿತು. ನಮ್ಮ ರಾಜ್ಯದಲ್ಲಿ 1961ರ ಕಾಯಿದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಮಾಡಿತು. ಅಧಿಕಾರ ಹೋಯಿತು, ಹೆಸರು ಮಾತ್ರ ಉಳಿಯಿತು.

ಹಾಗಾದರೆ ಇದನ್ನು ಬಿಡಬೇಕೇ? ನಮ್ಮ ದೀನಿನ ಇತಿಹಾಸವನ್ನು ನೋಡೋಣ. ಪ್ರವಾದಿಯವರು(ಸ) ಕೆಟ್ಟ ಅರ್ಥದ ಹೆಸರುಗಳನ್ನು ಬದಲಿಸಿದರು. ಉಳಿದವನ್ನು ಹಾಗೆಯೇ ಬಿಟ್ಟರು. ಸಲ್ಮಾನ್(ರ) ಫಾರಸಿಯಾಗಿಯೇ, ಬಿಲಾಲ್(ರ) ಹಬ್ಶಿಯಾಗಿಯೇ, ಸುಹೈಬ್(ರ) ರೂಮಿಯಾಗಿಯೇ ಉಳಿದರು. ಮೂಲದ ನಾಡಿನ, ಬೆಳೆದ ನೆಲದ ಗುರುತು ಅವರ ಈಮಾನಿಗೆ ಅಡ್ಡಿಯಾಗಲಿಲ್ಲ. ಕುಲ, ಗೋತ್ರಗಳು ಇರುವುದು ಒಬ್ಬರನ್ನೊಬ್ಬರು ಅರಿಯಲು, ಹಿರಿಮೆ ತಕ್ವಾದಿಂದ ಮಾತ್ರ ಎಂಬುದು ಸೂರಃ ಹುಜುರಾತ್‌ನ 13ನೇ ಆಯತ್‌ನ ಬೋಧನೆ.

ಇದೇ ಬೋಧನೆ ಇನ್ನೊಂದು ಕಡೆಗೂ ಅನ್ವಯಿಸುತ್ತದೆ. ‘ನಾವು ಪಾಟೀಲರು’ ಎಂದು ನಿಕಾಹ್ ಮಾತುಕತೆಯಲ್ಲಿ ನದಾಫರ, ಪಿಂಜಾರರ ಮನೆಯನ್ನು ಕೀಳಾಗಿ ಕಾಣುವವರು ನಮ್ಮಲ್ಲಿದ್ದಾರೆ. ಹತ್ತಿ ಹಿಂಜುವುದು ಒಂದು ಕಸುಬು, ಕಂದಾಯ ಎತ್ತುವುದೂ ಒಂದು ಕೆಲಸ. ಪಾಟೀಲಿಕೆ ಊರಿನ ಅಮಾನತ್ ಆಗಿತ್ತು. ಅದನ್ನು ನ್ಯಾಯದಿಂದ ನಡೆಸಿದವರೂ ಇದ್ದರು, ರೈತರನ್ನು ಹಿಂಡಿದವರೂ ಇದ್ದರು. ಅವರವರ ಲೆಕ್ಕ ಅಲ್ಲಾಹನ ಬಳಿಯಿದೆ. ಅವರ ಹೆಸರು ನಮ್ಮನ್ನು ದೊಡ್ಡವರನ್ನಾಗಿ ಮಾಡದು.

ಆದ್ದರಿಂದ ದಾಖಲೆಯಲ್ಲಿರುವ ಹೆಸರು ಹಾಗೆಯೇ ಇರಲಿ. ಅದರ ಅರ್ಥವನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿಕೊಡೋಣ. ಯಾರಾದರೂ ಕೇಳಿದರೆ ಅವರು ಅಳುಕದೆ, ಬೀಗದೆ ಉತ್ತರಿಸುವಂತಾಗಲಿ.