ಕಣ್ಣಿಗೆ ಬರುವ ನಾಯಿಹುಳ: ಪ್ರಯೋಗಾಲಯದಲ್ಲಿ ಪತ್ತೆ ಹೇಗೆ?

ಕಣ್ಣಿನ ಬಿಳಿಭಾಗದಲ್ಲಿ ದಾರದಂತಹ ಹುಳ ಹರಿದಾಡಿತು, ವೈದ್ಯರು ಅದನ್ನು ಜೀವಂತ ಹೊರತೆಗೆದರು ಎಂಬ ವರದಿ ಕೇರಳದಿಂದಲೂ ಕರಾವಳಿ ಕರ್ನಾಟಕದಿಂದಲೂ ಆಗಾಗ ಬರುವುದುಂಟು. ಇಂತಹ ಹೆಚ್ಚಿನ ಪ್ರಕರಣಗಳಿಗೆ ಕಾರಣ ಡೈರೋಫಿಲೇರಿಯಾ ರೆಪೆನ್ಸ್. ಇದು ಮೂಲತಃ ನಾಯಿಯ ಚರ್ಮದಡಿ ಬದುಕುವ ಪರೋಪಜೀವಿ. ಆನೆಕಾಲು ರೋಗದ ಹುಳದ ದಾಯಾದಿ ಎನ್ನಬಹುದು.

ನಾಯಿಯನ್ನು ಮುಟ್ಟಿದರೆ, ಅದು ನೆಕ್ಕಿದರೆ ಈ ಹುಳ ಅಂಟುವುದಿಲ್ಲ. ನಡುವೆ ಸೊಳ್ಳೆ ಬೇಕು. ಸೊಳ್ಳೆ ನಾಯಿಯ ರಕ್ತದೊಂದಿಗೆ ಹುಳದ ಮರಿಗಳನ್ನು ಹೀರುತ್ತದೆ. ಸುಮಾರು ಎರಡು ವಾರ ಅವು ಸೊಳ್ಳೆಯೊಳಗೆ ಬೆಳೆದು ಮುಂದಿನ ಕಡಿತದಲ್ಲಿ ದಾಟುತ್ತವೆ. ಅಡಿಕೆ ಹಾಳೆಯಲ್ಲೂ ರಬ್ಬರ್ ಮರದ ಚಿಪ್ಪಿನಲ್ಲೂ ನೀರು ನಿಲ್ಲುವ ಕಾಸರಗೋಡಿನಂತಹ ಕಡೆ ಸೊಳ್ಳೆಗೇನು ಬರ?

ನಾಯಿಯಲ್ಲಿ ಪತ್ತೆಗೆ 1939ರಲ್ಲಿ ನಾಟ್ ಎಂಬವರು ವಿವರಿಸಿದ ವಿಧಾನವೇ ತುಸು ಮಾರ್ಪಾಟಿನೊಂದಿಗೆ ಇಂದಿಗೂ ಬಳಕೆಯಲ್ಲಿದೆ. 1 ಮಿ.ಲೀ. ರಕ್ತಕ್ಕೆ ಶೇ. 2ರ ಫಾರ್ಮಾಲಿನ್ 9 ಮಿ.ಲೀ. ಬೆರೆಸಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಯಂತ್ರದಲ್ಲಿ ತಿರುಗಿಸಿ, ತಳದಲ್ಲಿ ಕೂತ ಗಷ್ಟಿಗೆ ಮಿಥಿಲೀನ್ ಬ್ಲೂ ಹಾಕಿ ಸೂಕ್ಷ್ಮದರ್ಶಕದಡಿ ನೋಡಿದರೆ ಮಿಲಿಮೀಟರಿನ ಮೂರನೇ ಒಂದರಷ್ಟು ಉದ್ದದ ಮರಿಗಳು ಕಾಣಸಿಗುತ್ತವೆ. ಮರಿಗಳು ಮೇಲ್ರಕ್ತಕ್ಕೆ ಹೆಚ್ಚಾಗಿ ಬರುವುದು ರಾತ್ರಿ. ಹಾಗಾಗಿ ಸಂಜೆಯ ನಂತರ ತೆಗೆದ ರಕ್ತ ಉತ್ತಮ.

ಕಂಡದ್ದು ಯಾವ ಹುಳ ಎಂಬುದೇ ಕಷ್ಟದ ಪ್ರಶ್ನೆ. ಕೇರಳದ ನಾಯಿಗಳಲ್ಲಿ ಮನುಷ್ಯನಿಗೆ ಆನೆಕಾಲು ತರುವ ಬ್ರೂಗಿಯಾ ಮಲಾಯಿಯೂ ಕಂಡುಬಂದಿದೆ. ಅದರ ಮರಿಗೆ ಮೈಮೇಲೆ ತೆಳು ಪೊರೆ ಇರುತ್ತದೆ, ರೆಪೆನ್ಸ್‌ಗೆ ಇಲ್ಲ. ಹೃದಯದ ಹುಳ ಇಮ್ಮಿಟಿಸ್‌ಗೂ ಪೊರೆಯಿಲ್ಲ. ಆದರೆ ಆಸಿಡ್ ಫಾಸ್ಫಟೇಸ್ ಬಣ್ಣ ಕೊಟ್ಟರೆ ಅದರಲ್ಲಿ ಎರಡು ಕೆಂಪು ಚುಕ್ಕೆ, ರೆಪೆನ್ಸ್‌ನಲ್ಲಿ ಒಂದೇ. ಸಂಶಯ ಉಳಿದರೆ ಪಿಸಿಆರ್. ಹೃದಯದ ಹುಳಕ್ಕೆಂದು ತಯಾರಾದ ದಿಢೀರ್ ಕಿಟ್ ರೆಪೆನ್ಸನ್ನು ತೋರಿಸುವುದಿಲ್ಲ. ಆ ಕಿಟ್ ನೋಡಿ ನಾಯಿಗೆ ಏನೂ ಇಲ್ಲವೆಂದು ನಂಬಿ ಕೂತವರಿದ್ದರೆ ತಪ್ಪು ಅವರದ್ದಲ್ಲ.

ಮನುಷ್ಯರಲ್ಲಿ ರಕ್ತಪರೀಕ್ಷೆಯಿಂದ ಹೆಚ್ಚು ಪ್ರಯೋಜನವಿಲ್ಲ. ನಮ್ಮ ದೇಹದಲ್ಲಿ ಈ ಹುಳ ಸಾಮಾನ್ಯವಾಗಿ ಮರಿಯಿಡುವ ಹಂತ ತಲುಪುವುದಿಲ್ಲ. ಕಣ್ಣಲ್ಲಿ, ಮುಖದಲ್ಲಿ, ಕೆಲವೊಮ್ಮೆ ಎದೆಯಲ್ಲಿ ಗಂಟಾಗಿ ಕ್ಯಾನ್ಸರ್ ಭಯ ಹುಟ್ಟಿಸುತ್ತದೆ. ಶಸ್ತ್ರಕ್ರಿಯೆಯಲ್ಲಿ ಹುಳ ತೆಗೆದರೆ ಬಹುತೇಕ ಅದೇ ಚಿಕಿತ್ಸೆ, ಅದೇ ಪತ್ತೆ. ಹುಳದ ಅಡ್ಡಸೀಳಿನಲ್ಲಿ ಹೊರಚರ್ಮದ ಮೇಲೆ ಸಾಲುಸಾಲು ಏಣುಗಳಿದ್ದರೆ ರೆಪೆನ್ಸ್ ಎಂದು ಗುರುತಿಸುತ್ತಾರೆ.

ಆದ್ದರಿಂದ ತೆಗೆದ ಗಂಟನ್ನಾಗಲಿ ಹುಳವನ್ನಾಗಲಿ ಎಸೆಯದೆ ಪರೀಕ್ಷೆಗೆ ಕಳುಹಿಸುವಂತೆ ವೈದ್ಯರಲ್ಲಿ ಕೇಳಿಕೊಳ್ಳಬೇಕು. ಸೀಳಿ ನೋಡಲು ಫಾರ್ಮಾಲಿನ್ ಸಾಕು. ಪಿಸಿಆರ್ ಬೇಕಿದ್ದರೆ ಒಂದು ತುಂಡನ್ನು ಆಲ್ಕೊಹಾಲ್‌ನಲ್ಲಿ ಇಡಬೇಕು, ಫಾರ್ಮಾಲಿನ್ ಡಿಎನ್‌ಎಯನ್ನು ಕೆಡಿಸುತ್ತದೆ.