ನಾಸ್ತಿಕತೆಗೂ ಒಂದು ಮಠ ಬೇಕೆ?

1949ರ ಅಕ್ಟೋಬರ್ 17ರಂದು ಸಂವಿಧಾನ ರಚನಾ ಸಭೆಯಲ್ಲಿ ಪ್ರಸ್ತಾವನೆಯ ಚರ್ಚೆ ನಡೆಯುತ್ತಿತ್ತು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಎದ್ದು ನಿಂತು, ಪ್ರಸ್ತಾವನೆ ದೇವರ ಹೆಸರಿನಿಂದ ಆರಂಭವಾಗಬೇಕು ಎಂದು ತಿದ್ದುಪಡಿ ಮಂಡಿಸಿದರು. ಅಡ್ಡ ಬಂದವರಲ್ಲಿ ದೇವರನ್ನು ನಂಬುವವರೂ ಇದ್ದರು. ನಂಬಿಕೆಯನ್ನು ಯಾರ ಮೇಲೂ ಹೇರಲಾಗದು, ದೇವರ ವಿಷಯದಲ್ಲಿ ಕೈ ಎತ್ತಿಸುವ ಮುಜುಗರಕ್ಕೆ ನಮ್ಮನ್ನು ದೂಡಬೇಡಿ ಎಂದು ಕೇಳಿಕೊಂಡರು. ಕಾಮತ್ ಪಟ್ಟು ಸಡಿಲಿಸಲಿಲ್ಲ. ಎಣಿಸಿದಾಗ ಪರವಾಗಿ 41, ವಿರೋಧವಾಗಿ 68. ಪ್ರಸ್ತಾವನೆಯಲ್ಲಿ ದೇವರಿಗೆ ಜಾಗ ಸಿಗಲಿಲ್ಲ. ಆದರೆ ಮೂರನೆಯ ಅನುಸೂಚಿಯ ಪ್ರಮಾಣವಚನದಲ್ಲಿ ಎರಡು ದಾರಿಗಳು ಉಳಿದವು: ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ದೇವರನ್ನು ಹೆಸರಿಸದೆ ದೃಢೀಕರಿಸಲೂಬಹುದು. ಇಂದಿಗೂ ನಮ್ಮ ಶಾಸಕರು, ಸಚಿವರು, ನ್ಯಾಯಮೂರ್ತಿಗಳು ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ.

ದೇವರನ್ನು ಒಪ್ಪದವನಿಗೂ ಸಮಾಜದಲ್ಲಿ ವಚನ ಕೊಡಬೇಕಾಗುತ್ತದೆ, ಮದುವೆಯಾಗಬೇಕಾಗುತ್ತದೆ, ಸತ್ತವರನ್ನು ಕಳಿಸಿಕೊಡಬೇಕಾಗುತ್ತದೆ. ‘ನಾಸ್ತಿಕತೆಯೂ ಒಂದು ಧರ್ಮವೇ ತಾನೆ’ ಎಂಬ ಮಾತನ್ನು ನಾವು ಟೀವಿ ಚರ್ಚೆಯಲ್ಲೂ ಕೇಳುತ್ತೇವೆ, ಮದುವೆ ಮನೆಯ ಪಂಕ್ತಿಯಲ್ಲೂ ಕೇಳುತ್ತೇವೆ. ಬಹುತೇಕ ಸಲ ಅದು ಎದುರಾಳಿಯ ಬಾಯಿ ಮುಚ್ಚಿಸುವ ಮಾತು. ಆದರೆ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಚಿಂತಕರು, ನ್ಯಾಯಾಲಯಗಳು, ಸಮಾಜಶಾಸ್ತ್ರಜ್ಞರು ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಅವರ ಹಾದಿಯನ್ನು ಹಿಂಬಾಲಿಸಿದರೆ ನನಗೆ ಕಾಣುವುದು ಇಷ್ಟು: ಅಪನಂಬಿಕೆ ತನ್ನಷ್ಟಕ್ಕೆ ಧರ್ಮವಲ್ಲ. ಆದರೆ ಧರ್ಮ ಮಾಡುತ್ತಿದ್ದ ಕೆಲಸಗಳನ್ನು ಹೊತ್ತುಕೊಂಡಾಗ ಅದು ಧರ್ಮದ ರೂಪ ಪಡೆಯುತ್ತದೆ. ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ. ಪೊಲೀಸರ ಲಾಠಿ ಅದರ ಕೈಗೆ ಬಂದಾಗ ಮಾತ್ರ ಭಯಪಡಬೇಕು.

ಮೊದಲ ಪ್ರಯೋಗ ನಡೆದದ್ದು ಫ್ರಾನ್ಸಿನಲ್ಲಿ. 1793ರ ನವೆಂಬರ್ 10ರಂದು ಪ್ಯಾರಿಸ್ಸಿನ ನೋಟ್ರ ಡಾಮ್ ಇಗರ್ಜಿಯನ್ನು ಕ್ರಾಂತಿಕಾರಿಗಳು ವಿವೇಕದ ದೇಗುಲವೆಂದು ಘೋಷಿಸಿ ಉತ್ಸವ ಮಾಡಿದರು. ರಾಬ್ಸ್‌ಪಿಯರ್‌ಗೆ ಅದು ಹಿಡಿಸಲಿಲ್ಲ. ಮುಂದಿನ ವರ್ಷ ಜೂನಿನಲ್ಲಿ ಅವನು ‘ಪರಮ ಸತ್ತ್ವ’ದ ಹೆಸರಿನಲ್ಲಿ ಬೇರೆಯೇ ಉತ್ಸವ ನಡೆಸಿದ. ಎರಡು ತಿಂಗಳೊಳಗೆ ಅವನ ತಲೆಯೇ ಉರುಳಿತು. ಅರ್ಧ ಶತಮಾನದ ನಂತರ ಅದೇ ದೇಶದ ಆಗಸ್ಟ್ ಕೋಂಟ್, ಸಮಾಜಶಾಸ್ತ್ರಕ್ಕೆ ಅಡಿಪಾಯ ಹಾಕಿದವನು, ‘ಮಾನವಕುಲದ ಧರ್ಮ’ವನ್ನು ಕಟ್ಟಲು ಹೊರಟ. 28 ದಿನಗಳ 13 ತಿಂಗಳಿರುವ ಪಂಚಾಂಗವನ್ನೇ ರಚಿಸಿ ತಿಂಗಳುಗಳಿಗೆ ಹೋಮರ್, ಅರಿಸ್ಟಾಟಲ್, ಗುಟೆನ್‌ಬರ್ಗ್, ಶೇಕ್ಸ್‌ಪಿಯರ್ ಎಂದು ಹೆಸರಿಟ್ಟ. ಇದು ಕ್ರೈಸ್ತಧರ್ಮವನ್ನು ತೆಗೆದುಹಾಕಿದ ಕ್ಯಾಥೊಲಿಕ್ ಮತ ಎಂದು ಜೀವವಿಜ್ಞಾನಿ ಹಕ್ಸ್‌ಲಿ ಟೀಕಿಸಿದ. ಯೂರೋಪಿನಲ್ಲಿ ಬೇರು ಬಿಡದ ಈ ಧರ್ಮ ಬ್ರೆಜಿಲ್ಲಿನಲ್ಲಿ ಚಿಗುರಿತು. ರಿಯೊ ಡಿ ಜನೈರೊದಲ್ಲಿ ಅದಕ್ಕೆ ದೇಗುಲವೆದ್ದಿತು. ಬ್ರೆಜಿಲ್ಲಿನ ಬಾವುಟದ ಮೇಲಿರುವ ‘ಸುವ್ಯವಸ್ಥೆ ಮತ್ತು ಪ್ರಗತಿ’ ಎಂಬ ಘೋಷಣೆ ಕೋಂಟನ ಚಿಂತನೆಯಿಂದಲೇ ಬಂದದ್ದು.

ಇಂಗ್ಲೆಂಡಿನ ಚಾರ್ಲ್ಸ್ ಬ್ರ್ಯಾಡ್ಲಾಗೆ ದೇಗುಲ ಬೇಕಿರಲಿಲ್ಲ, ಕುಳಿತುಕೊಳ್ಳಲು ಒಂದು ಕುರ್ಚಿ ಬೇಕಿತ್ತು. 1880ರಲ್ಲಿ ನಾರ್ಥಾಂಪ್ಟನ್ನಿನ ಜನ ಅವನನ್ನು ಪಾರ್ಲಿಮೆಂಟಿಗೆ ಆರಿಸಿ ಕಳಿಸಿದರು. ಬಹಿರಂಗವಾಗಿ ನಾಸ್ತಿಕನೆಂದು ಹೇಳಿಕೊಂಡವನ ಪ್ರಮಾಣವನ್ನು ಸದನ ಒಪ್ಪಲಿಲ್ಲ. ಮತ್ತೆ ಮತ್ತೆ ಗೆದ್ದು ಬಂದರೂ 1886ರವರೆಗೆ ಅವನಿಗೆ ಪೂರ್ಣ ಅರ್ಥದಲ್ಲಿ ಸ್ಥಾನ ದಕ್ಕಲಿಲ್ಲ. ಅವನ ಹೋರಾಟದ ಫಲವಾಗಿ 1888ರಲ್ಲಿ ಪ್ರಮಾಣ ಕಾಯ್ದೆ ಬದಲಾಯಿತು. ಮರುವರ್ಷ ಅವನು ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದ. ನಮ್ಮ ಪ್ರಮಾಣವಚನದ ಎರಡನೆಯ ದಾರಿಯ ಹಿಂದೆ ಬ್ರ್ಯಾಡ್ಲಾನ ಆ ಹೋರಾಟದ ನೆರಳಿದೆ.

ಸೋವಿಯತ್ ಒಕ್ಕೂಟದ ಕಥೆಯನ್ನು ಮಾತ್ರ ನಿಧಾನವಾಗಿ ಹೇಳಬೇಕು. 1925ರಲ್ಲಿ ಅಲ್ಲಿ ಆರಂಭವಾದ ಉಗ್ರ ನಾಸ್ತಿಕರ ಸಂಘ ಏಳೆಂಟು ವರ್ಷಗಳಲ್ಲಿ ತನಗೆ ಐವತ್ತು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ ಎಂದು ಹೇಳಿಕೊಂಡಿತು. 1931ರಲ್ಲಿ ಮಾಸ್ಕೋದ ಕ್ರೈಸ್ಟ್ ದ ಸೇವಿಯರ್ ಇಗರ್ಜಿಯನ್ನು ಸಿಡಿಮದ್ದಿಟ್ಟು ಕೆಡವಿದರು. ಮರುವರ್ಷ ಲೆನಿನ್‌ಗ್ರಾಡಿನ ಕಜಾನ್ ಇಗರ್ಜಿ ಧರ್ಮದ ಇತಿಹಾಸ ತೋರಿಸುವ ವಸ್ತುಸಂಗ್ರಹಾಲಯವಾಯಿತು. ಪಾದ್ರಿಗಳು ಸೆರೆಮನೆ ಸೇರಿದರು, ಸಾವಿರಾರು ಮಂದಿ ಗುಂಡಿಗೆ ಬಲಿಯಾದರು. ಇಷ್ಟೆಲ್ಲ ಆದಮೇಲೆ 1937ರ ಜನಗಣತಿಯಲ್ಲಿ ಧರ್ಮದ ಪ್ರಶ್ನೆಯನ್ನೂ ಕೇಳಲಾಯಿತು. ಭಯದ ನಡುವೆಯೂ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವು ನಂಬುವವರೆಂದು ಬರೆಸಿದರು. ಸರ್ಕಾರ ಆ ಜನಗಣತಿಯನ್ನೇ ಮುಚ್ಚಿಹಾಕಿತು, ನಡೆಸಿದ ಅಧಿಕಾರಿಗಳನ್ನು ಶಿಕ್ಷಿಸಿತು. ಆ ವೇಳೆಗೆ ಲೆನಿನ್ನನ ದೇಹ ಗಾಜಿನ ಪೆಟ್ಟಿಗೆಯಲ್ಲಿ ದರ್ಶನಕ್ಕೆ ಸಿದ್ಧವಾಗಿ ಎಷ್ಟೋ ವರ್ಷಗಳಾಗಿದ್ದವು. 1959ರಲ್ಲಿ ಲೆನಿನ್‌ಗ್ರಾಡಿನಲ್ಲಿ ಸರ್ಕಾರವೇ ‘ಮದುವೆಯ ಅರಮನೆ’ ತೆರೆಯಿತು. ವಿಕ್ಟೋರಿಯಾ ಸ್ಮೋಲ್ಕಿನ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪಯಣವನ್ನು ವಿವರವಾಗಿ ಬಿಡಿಸಿಡುತ್ತದೆ. ದೇವರನ್ನು ಓಡಿಸಿದ ಮೇಲೆ ಉಳಿದ ಖಾಲಿ ಜಾಗವನ್ನು ತುಂಬಲು ಪ್ರಭುತ್ವ ದಶಕಗಟ್ಟಲೆ ಹೆಣಗಾಡಿ ಸೋತಿತು. ‘ಅವರು ನಿಜವಾದ ನಾಸ್ತಿಕರಲ್ಲ’ ಎಂದು ನಮ್ಮ ಕೆಲವು ವಿಚಾರವಾದಿ ಮಿತ್ರರು ಜಾರಿಕೊಳ್ಳುತ್ತಾರೆ. ಇದು ಸರಿಯಲ್ಲ. ಧರ್ಮದ ಹೆಸರಿನ ಹಿಂಸೆಗೆ ಧರ್ಮ ಉತ್ತರ ಹೇಳಬೇಕು ಎನ್ನುವವರು, ನಾಸ್ತಿಕತೆಯ ಹೆಸರಿನ ಹಿಂಸೆಗೂ ಉತ್ತರ ಹೇಳಲೇಬೇಕು.

ವಿದ್ವಾಂಸರು ಈ ಕ್ಷೇತ್ರಕ್ಕೆ ತಡವಾಗಿ ಬಂದರು. ದೇವರಿಲ್ಲದೆಯೂ ಧರ್ಮ ಇರಬಲ್ಲದು ಎಂದು ತೋರಿಸಲು ಎಮಿಲ್ ಡರ್ಕೈಮ್ 1912ರಲ್ಲೇ ಬೌದ್ಧ, ಜೈನ ಧರ್ಮಗಳನ್ನು ಉದಾಹರಿಸಿದ್ದ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವನ್ನು ನೋಡಿದ ನಮಗೆ ಇದನ್ನು ವಿವರಿಸಬೇಕಾಗಿಲ್ಲ: ಸೃಷ್ಟಿಕರ್ತನನ್ನು ಒಪ್ಪದ ಧರ್ಮ ಅದು, ಆದರೂ ಬಸದಿ, ವ್ರತ, ಯಾತ್ರೆ ಎಲ್ಲವೂ ಅದಕ್ಕಿವೆ. ಡರ್ಕೈಮ್ ಹಾಕಿಕೊಟ್ಟ ದಾರಿಯಲ್ಲಿ ರಾಷ್ಟ್ರಭಕ್ತಿ, ಪಕ್ಷ, ಕ್ರೀಡೆ ಎಲ್ಲವನ್ನೂ ಧರ್ಮವೆಂದು ಕರೆಯುವ ಚಾಳಿ ಬೆಳೆಯಿತು. ಎಲ್ಲವೂ ಧರ್ಮವಾದರೆ ಧರ್ಮವೆಂಬ ಮಾತಿನಿಂದ ಏನೂ ತಿಳಿಯುವುದಿಲ್ಲ ಎಂಬುದು ಆ ವಾದದ ದೌರ್ಬಲ್ಯ. 1971ರಲ್ಲಿ ಬ್ರಿಟನ್ನಿನ ಕಾಲಿನ್ ಕ್ಯಾಂಪ್‌ಬೆಲ್, ಧರ್ಮವನ್ನು ಒಪ್ಪದವರನ್ನೂ ಸಮಾಜಶಾಸ್ತ್ರ ಪ್ರತ್ಯೇಕವಾಗಿ ಅಧ್ಯಯನ ಮಾಡಬೇಕು ಎಂದು ಪುಸ್ತಕ ಬರೆದ. ಮೂರು ದಶಕ ಯಾರೂ ಅತ್ತ ಹೆಚ್ಚು ತಿರುಗಿ ನೋಡಲಿಲ್ಲ.

ಕಾಲ ಬದಲಾದದ್ದು 2004ರಿಂದ 2007ರ ನಡುವೆ. ಸ್ಯಾಮ್ ಹ್ಯಾರಿಸ್, ರಿಚರ್ಡ್ ಡಾಕಿನ್ಸ್, ಡೇನಿಯಲ್ ಡೆನೆಟ್, ಕ್ರಿಸ್ಟೊಫರ್ ಹಿಚನ್ಸ್ ಇವರ ಪುಸ್ತಕಗಳು ಒಂದರ ಹಿಂದೊಂದು ಬಂದು ಭಾರೀ ಸಂಖ್ಯೆಯಲ್ಲಿ ಮಾರಾಟವಾದವು. ಅವರ ದನಿಯಲ್ಲಿ ಧರ್ಮಪ್ರಚಾರಕರ ಉತ್ಸಾಹವಿದೆ ಎಂದು ಟೀಕಾಕಾರರು ದೂರಿದರು. ಆ ಗದ್ದಲದ ನಡುವೆ ಲೋಯಿಸ್ ಲೀ, ಸ್ಟೀಫನ್ ಬುಲಿವಂಟ್ 2008ರಲ್ಲಿ ಸಂಶೋಧಕರ ಒಂದು ಜಾಲ ಕಟ್ಟಿದರು. ಆ ನಂತರ ಇದು ನಿಜವಾದ ಅರ್ಥದಲ್ಲಿ ಅಧ್ಯಯನ ಕ್ಷೇತ್ರವಾಯಿತು. ನಾಸ್ತಿಕತೆ ಎಂದರೆ ಬರೀ ಏನೋ ಒಂದರ ಕೊರತೆಯಲ್ಲ, ಹೇಗೆ ಬಾಳಬೇಕು ಎಂಬುದಕ್ಕೆ ಜನ ಕಂಡುಕೊಂಡ ಉತ್ತರಗಳೂ ಅದರೊಳಗಿವೆ ಎಂಬ ಲೀ ಅವರ ವಾದ ನನಗೆ ಒಪ್ಪಿಗೆಯಾಗುತ್ತದೆ. ಭಾರತದ ಮಟ್ಟಿಗೆ ಯೊಹಾನೆಸ್ ಕ್ವಾಕ್ ಮಹಾರಾಷ್ಟ್ರದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಜೊತೆಗಿದ್ದು ಬರೆದ 2012ರ ಪುಸ್ತಕ, ಸ್ಟೆಫಾನ್ ಬಿಂಡರ್ ಆಂಧ್ರ, ತೆಲಂಗಾಣಗಳ ನಾಸ್ತಿಕರ ಬಗ್ಗೆ ಬರೆದ 2020ರ ಪುಸ್ತಕ ಮುಖ್ಯವಾದವು. ಇಲ್ಲಿ ನಾಸ್ತಿಕನಾಗುವುದೆಂದರೆ ಜಾತಿ, ಮದುವೆ, ಊಟ, ಹೆಸರು ಎಲ್ಲವನ್ನೂ ಬದಲಿಸಿಕೊಳ್ಳುವುದು ಎಂಬುದು ಇಂಥ ಬರಹಗಳಿಂದ ಚೆನ್ನಾಗಿ ತಿಳಿಯುತ್ತದೆ.

ನ್ಯಾಯಾಲಯಗಳ ದಾರಿ ಬೇರೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕೈದಿಯೊಬ್ಬ ನಾಸ್ತಿಕರ ಅಧ್ಯಯನ ಕೂಟ ನಡೆಸಲು ಅನುಮತಿ ಕೇಳಿದ. ಧಾರ್ಮಿಕ ಕೂಟಗಳಿಗೆ ಸಿಗುವ ಅವಕಾಶ ಅವನಿಗೆ ಸಿಗಲಿಲ್ಲ. 2005ರಲ್ಲಿ ಮೇಲ್ಮನವಿ ನ್ಯಾಯಾಲಯ, ಸಂವಿಧಾನದ ರಕ್ಷಣೆಯ ದೃಷ್ಟಿಯಿಂದ ನಾಸ್ತಿಕತೆಯನ್ನೂ ಧರ್ಮದಂತೆ ಕಾಣಬೇಕು ಎಂದಿತು. ಈ ತೀರ್ಪನ್ನು ‘ನೋಡಿ, ಕೋರ್ಟೇ ಹೇಳಿದೆ’ ಎಂದು ಹಿಡಿದು ತೋರಿಸುವವರು ಅದರ ಉದ್ದೇಶವನ್ನು ಮರೆಯುತ್ತಾರೆ. ನಂಬದವನಿಗೂ ನಂಬುವವನಷ್ಟೇ ಹಕ್ಕು ಸಿಗಲಿ ಎಂಬುದಷ್ಟೇ ಅಲ್ಲಿನ ಕಾಳಜಿ. ಯೂರೋಪಿನ ಮಾನವ ಹಕ್ಕು ನ್ಯಾಯಾಲಯವೂ 1993ರ ಗ್ರೀಸಿನ ಒಂದು ಪ್ರಕರಣದಲ್ಲಿ ಧಾರ್ಮಿಕ ಸ್ವಾತಂತ್ರ್ಯ ನಾಸ್ತಿಕರಿಗೂ ಅಮೂಲ್ಯವಾದದ್ದು ಎಂದು ಹೇಳಿತ್ತು. ಬೆಲ್ಜಿಯಂ ಅದೇ ವರ್ಷ ಸಂವಿಧಾನ ತಿದ್ದಿ, ಪಾದ್ರಿಗಳಿಗೆ ಕೊಡುವ ಹಾಗೆ ಧರ್ಮೇತರ ಸಂಘಟನೆಗಳ ನೈತಿಕ ಸಲಹೆಗಾರರಿಗೂ ಸಂಬಳ ಕೊಡಲು ದಾರಿ ಮಾಡಿತು. ನಾರ್ವೆಯಲ್ಲಿ ಮಾನವತಾವಾದಿಗಳ ಸಂಘಕ್ಕೆ ಸದಸ್ಯರ ತಲೆಯೆಣಿಕೆಯ ಮೇಲೆ ಸರ್ಕಾರದ ನೆರವಿದೆ. ಸ್ಕಾಟ್ಲೆಂಡಿನಲ್ಲಿ 2005ರಿಂದ ಮಾನವತಾವಾದಿ ಮದುವೆಗೆ ಕಾನೂನಿನ ಮಾನ್ಯತೆಯಿದೆ. ಹಣ, ನೋಂದಣಿ, ಸಂಬಳ ಬಂದಾಗ ನಾಸ್ತಿಕ ಸಂಘವೂ ಮಠದ ಹಾಗೆ ಆಡಳಿತ ನಡೆಸಬೇಕಾಗುತ್ತದೆ. ಆದರೂ ಅಲ್ಲಿ ಯಾರ ಇಗರ್ಜಿಯೂ ಉರುಳಲಿಲ್ಲ. ಸೋವಿಯತ್ ದಾರಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಅದೇ.

ನಮ್ಮಲ್ಲಿ ಈ ವಾದ ಹೊಸದಲ್ಲ. ವಿಜಯನಗರದ ಕಾಲದ ‘ಸರ್ವದರ್ಶನ ಸಂಗ್ರಹ’ ಚಾರ್ವಾಕರ ಮತದಿಂದಲೇ ಆರಂಭವಾಗುತ್ತದೆ. ಖಂಡಿಸುವುದಕ್ಕಾದರೂ ಅವರನ್ನು ಒಂದು ದರ್ಶನವಾಗಿ ಗಣಿಸಿದೆ. ಇಪ್ಪತ್ತನೆಯ ಶತಮಾನದಲ್ಲಿ ಪೆರಿಯಾರ್ 1925ರಲ್ಲಿ ಆರಂಭಿಸಿದ ಆತ್ಮಗೌರವ ಚಳವಳಿ ಪುರೋಹಿತರಿಲ್ಲದ ಮದುವೆಗಳನ್ನು ಊರೂರಿಗೆ ಒಯ್ದಿತು. ಅವಕ್ಕೆ ತಮಿಳುನಾಡಿನಲ್ಲಿ ಕಾನೂನಿನ ಮಾನ್ಯತೆ ಸಿಕ್ಕಿದ್ದು 1967ರಲ್ಲಿ ಅಣ್ಣಾದೊರೈ ಸರ್ಕಾರ ಬಂದ ಮೇಲೆ, ಅದೂ ಹಿಂದೂ ವಿವಾಹ ಕಾಯ್ದೆಗೆ ಮಾಡಿದ ತಿದ್ದುಪಡಿಯ ಮೂಲಕ. ಆಂಧ್ರದಲ್ಲಿ ಗೋರಾ 1940ರಲ್ಲಿ ನಾಸ್ತಿಕ ಕೇಂದ್ರ ಸ್ಥಾಪಿಸಿದರು. ಉಪ್ಪಿನ ಸತ್ಯಾಗ್ರಹದ ಹೊತ್ತಿಗೆ ಹುಟ್ಟಿದ ಮಗನಿಗೆ ಲವಣಂ ಎಂದೇ ಹೆಸರಿಟ್ಟರು. ಮಗಳನ್ನು ದಲಿತ ಯುವಕನಿಗೆ ಕೊಟ್ಟು 1948ರಲ್ಲಿ ಸೇವಾಗ್ರಾಮದಲ್ಲಿ ಮದುವೆ ಮಾಡಿದರು. ಆ ಮದುವೆಯನ್ನು ನಡೆಸಿಕೊಡಲು ಗಾಂಧಿ ಒಪ್ಪಿದ್ದರು. ಅಷ್ಟರಲ್ಲಿ ಅವರ ಹತ್ಯೆಯಾಯಿತು. ಗೋರಾ ಅವರದು ಸಹ ಆಶ್ರಮವೇ: ಒಟ್ಟು ಬಾಳು, ಸರಳ ಊಟ, ಸೇವೆ. ಅದು ಧರ್ಮದಂತಿತ್ತೆಂದು ಯಾರಾದರೂ ಹೇಳಿದರೆ ನಾನು ವಾದಕ್ಕಿಳಿಯುವುದಿಲ್ಲ. ಅಸ್ಪೃಶ್ಯತೆಯ ವಿರುದ್ಧ ಒಂದು ಇಡೀ ಕುಟುಂಬ ತನ್ನ ಬದುಕನ್ನೇ ಪಣಕ್ಕಿಟ್ಟಿತು. ನನಗೆ ಮುಖ್ಯವಾದದ್ದು ಅದು.

ಕರ್ನಾಟಕದ ಹಾದಿ ಇನ್ನೂ ಬೇರೆ. ಇಲ್ಲಿ ನಾಸ್ತಿಕರ ಆಶ್ರಮ ಕಟ್ಟಿದವರಿಗಿಂತ ಪ್ರಶ್ನೆ ಕೇಳಲು ಕಲಿಸಿದ ಮೇಷ್ಟ್ರುಗಳು ದೊಡ್ಡವರು. ಎಚ್. ನರಸಿಂಹಯ್ಯ 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಆರಂಭಿಸಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದರು. ಶೂನ್ಯದಿಂದ ಉಂಗುರ ಬರುವುದಾದರೆ, ತೋಳಿನಲ್ಲಿ ಅಡಗಿಸಲಾಗದ ಕುಂಬಳಕಾಯಿಯೂ ಬರಲಿ ಎಂಬ ಅವರ ಸವಾಲು ಮನೆಮಾತಾಯಿತು. ಸತ್ಯಸಾಯಿಬಾಬಾ ಸಮಿತಿಯ ಮುಂದೆ ಬರಲಿಲ್ಲ. ಮದುವೆಯಾಗದೆ, ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬಾಳಿದ ಎಚ್ಚೆನ್ ನೋಡಲು ಸನ್ಯಾಸಿಯಂತೆಯೇ ಇದ್ದರು. ಆದರೆ ಅವರು ಯಾರಿಗೂ ದೀಕ್ಷೆ ಕೊಡಲಿಲ್ಲ, ತಮ್ಮ ಮಾತನ್ನೂ ಪ್ರಶ್ನಿಸಿ ಎಂದರು. ಸಮಿತಿ ಮಾಡಿ ಸವಾಲು ಹಾಕಿದರೇ ಹೊರತು ಬಲಾತ್ಕಾರದಿಂದ ಯಾರ ಪೂಜೆಯನ್ನೂ ನಿಲ್ಲಿಸಲಿಲ್ಲ. ಎ.ಎನ್. ಮೂರ್ತಿರಾವ್ ತೊಂಬತ್ತು ದಾಟಿದ ಮೇಲೆ 1991ರಲ್ಲಿ ‘ದೇವರು’ ಪ್ರಕಟಿಸಿ, ದೇವರಿದ್ದಾನೆ ಎನ್ನಲು ತಮಗೆ ಆಧಾರ ಕಾಣುವುದಿಲ್ಲ ಎಂಬುದನ್ನು ಸೌಜನ್ಯ ಬಿಡದೆ ವಾದಿಸಿದರು. ಕುವೆಂಪು ನಾಸ್ತಿಕರಲ್ಲ, ಶ್ರೀರಾಮಕೃಷ್ಣರ ಭಕ್ತರು. ಆದರೂ ಪುರೋಹಿತಶಾಹಿಯನ್ನು ಕಿತ್ತೊಗೆದ ‘ಮಂತ್ರ ಮಾಂಗಲ್ಯ’ವನ್ನು ಕನ್ನಡಿಗರಿಗೆ ಕೊಟ್ಟವರು ಅವರೇ. ದೇವರನ್ನು ಬಿಡದವರೂ, ಬಿಟ್ಟವರೂ ಇಂದು ಅದೇ ಪದ್ಧತಿಯಲ್ಲಿ ಮದುವೆಯಾಗುತ್ತಾರೆ. ಆಚರಣೆಯಿದ್ದ ಮಾತ್ರಕ್ಕೆ ಅದು ಧರ್ಮವಾಗುತ್ತದೆ ಎನ್ನುವವರು ಮಂತ್ರ ಮಾಂಗಲ್ಯವನ್ನು ಯಾವ ಧರ್ಮಕ್ಕೆ ಸೇರಿಸುತ್ತಾರೆ?

ಹಾಗಾದರೆ ಭಾರತದ ಸಾರ್ವಜನಿಕ ಬದುಕಿನಲ್ಲಿ ನಾಸ್ತಿಕತೆ ಧರ್ಮದಂತೆ ನಡೆಯುತ್ತಿದೆಯೇ? ಕಾನೂನಿನ ಪುಸ್ತಕ ತೆರೆದರೆ ಇಲ್ಲವೆಂದೇ ಹೇಳಬೇಕು. 1872ರ ಮೂರನೆಯ ಕಾಯ್ದೆಯಡಿ ಮದುವೆಯಾಗಬೇಕಿದ್ದರೆ ತಾನು ಹಿಂದೂ, ಮುಸ್ಲಿಂ, ಕ್ರೈಸ್ತ ಮುಂತಾದ ಯಾವ ಧರ್ಮದವನೂ ಅಲ್ಲ ಎಂದು ಘೋಷಿಸಬೇಕಿತ್ತು. ದೇವರನ್ನು ಗಾಢವಾಗಿ ನಂಬಿದ ಬ್ರಹ್ಮಸಮಾಜದವರೂ ಹಾಗೆ ಬರೆದುಕೊಟ್ಟರು. ಆ ಷರತ್ತನ್ನು 1954ರ ವಿಶೇಷ ವಿವಾಹ ಕಾಯ್ದೆ ತೆಗೆದುಹಾಕಿತು, ಆದರೆ 30 ದಿನಗಳ ನೋಟಿಸಿನ ನಿಯಮವನ್ನು ಇಟ್ಟಿತು. ಯಾರನ್ನೂ ಧರ್ಮ ಯಾವುದೆಂದು ಹೇಳುವಂತೆ ಸರ್ಕಾರ ಬಲವಂತಪಡಿಸಬಾರದು ಎಂದು 2014ರಲ್ಲಿ ಬಾಂಬೆ ಹೈಕೋರ್ಟ್ ತೀರ್ಪಿತ್ತಿತು. ಅಲ್ಲಿ ಅರ್ಜಿ ಹಾಕಿದವರು ನಾಸ್ತಿಕರೂ ಅಲ್ಲ, ಯೇಸುವನ್ನು ನಂಬಿಯೂ ಧರ್ಮದ ಹಣೆಪಟ್ಟಿ ಒಲ್ಲದವರು. 2011ರ ಜನಗಣತಿಯಲ್ಲಿ ಸುಮಾರು 28.7 ಲಕ್ಷ ಜನರ ಹೆಸರಿನ ಮುಂದೆ ಧರ್ಮ ನಮೂದಾಗಿಲ್ಲ. ನಾಸ್ತಿಕರೆಂದು ಬರೆಸಿದವರು ಸುಮಾರು 33 ಸಾವಿರ. ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ನರೇಂದ್ರ ದಾಭೋಲ್ಕರ್ 2013ರಲ್ಲಿ ಪುಣೆಯಲ್ಲಿ ಗುಂಡಿಗೆ ಬಲಿಯಾದ ದೇಶದಲ್ಲಿ ಆ 33 ಸಾವಿರವೂ ಸಣ್ಣ ಧೈರ್ಯವಲ್ಲ.

ಆಸ್ತಿಯ ವಿಷಯಕ್ಕೆ ಬಂದರೆ ಗಂಟು ಇನ್ನೂ ಬಿಗಿ. ಹಿಂದೂ ಕುಟುಂಬದಲ್ಲಿ ಹುಟ್ಟಿದ ನಾಸ್ತಿಕನಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಅನ್ವಯಿಸುತ್ತದೆ. ಮುಸ್ಲಿಂ ಕುಟುಂಬದಲ್ಲಿ ಹುಟ್ಟಿ ಧರ್ಮವನ್ನು ಬಿಟ್ಟ ಕೇರಳದ ಮಹಿಳೆಯೊಬ್ಬರು, ತಮಗೆ ಷರೀಯತ್ ಬದಲು ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸಲಿ ಎಂದು ಕೋರಿದ ಅರ್ಜಿ 2024ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಧರ್ಮಕ್ಕೆ ಸಿಗುವ ಸಂಬಳ, ನೆರವು, ಮಾನ್ಯತೆ ಯಾವುದನ್ನೂ ಇಲ್ಲಿನ ನಾಸ್ತಿಕರು ಕೇಳುತ್ತಿಲ್ಲ. ಹುಟ್ಟಿನಿಂದ ಅಂಟಿದ ಧರ್ಮದ ಕಾನೂನಿನಿಂದ ಹೊರಬರಲು ಒಂದು ಬಾಗಿಲು ಕೇಳುತ್ತಿದ್ದಾರೆ. ಆಸ್ತಿಕರಾದ ಓದುಗರು ಈ ಬೇಡಿಕೆಯ ಪರವಾಗಿ ದನಿ ಎತ್ತಬೇಕು. 1949ರಲ್ಲಿ ಸಂವಿಧಾನ ಸಭೆಯ ಆಸ್ತಿಕರು ಅಂಥದ್ದೇ ಕೆಲಸ ಮಾಡಿದ್ದರು.